ಮುಟ್ಟಿದರೂ ಮಿಸುಕದ ಪರದೆ

ಕಿಯೋಸ್ಕಿನ ಟಚ್‌ಸ್ಕ್ರೀನ್ ಹೊರಗಿನಿಂದ ಒಂದೇ ಗಾಜು, ಬಿಚ್ಚಿದರೆ ಮೂರು ಸಾಮಾನು. ಹಿಂದೆ ಚಿತ್ರ ತೋರಿಸುವ ಎಲ್‌ಸಿಡಿ ಹಲಗೆ. ಅದರ ಮೇಲೆ ಬೆರಳನ್ನು ಗುರುತಿಸುವ ಸಂವೇದಕ ಪದರ. ಆ ಪದರದ ಸಂಕೇತಗಳನ್ನು ಓದಿ ‘ಇಗೋ, ಇಲ್ಲಿ ಮುಟ್ಟಿದರು’ ಎಂದು ಕಂಪ್ಯೂಟರಿಗೆ ತಿಳಿಸುವ, ಉಗುರಿನಷ್ಟಗಲದ ಕಂಟ್ರೋಲರ್ ಚಿಪ್. ಖರೀದಿ ಕಡತದಲ್ಲಿ ವಿವರವಾಗಿ ಬರೆಯುವುದು ಮೊದಲನೆಯದನ್ನು ಮಾತ್ರ: ಇಷ್ಟು ಇಂಚು, ಇಷ್ಟು ರೆಸಲ್ಯೂಷನ್, ಕಪ್ಪು ಚೌಕಟ್ಟು, ಒಂದು ವರ್ಷದ ವಾರಂಟಿ. ಎರಡನೆಯದಕ್ಕೆ ‘ಮಲ್ಟಿಟಚ್’ ಎಂಬ ಒಂದು ಪದ. ಮೂರನೆಯದರ ಹೆಸರೇ ಇರುವುದಿಲ್ಲ. ಕಿಯೋಸ್ಕು ಜನರ ಕೆಲಸಕ್ಕೆ ಬರುತ್ತದೋ ಮೂಲೆ ಸೇರುತ್ತದೋ ಎಂಬುದು ತೀರ್ಮಾನವಾಗುವುದು ಆ ಹೆಸರಿಲ್ಲದ ಮೂರನೆಯದರಲ್ಲಿ.

ಕಡತ ಹೀಗಿರುವುದಕ್ಕೆ ಕಾರಣ ಅಜ್ಞಾನವಷ್ಟೇ ಅಲ್ಲ, ಕಚೇರಿಯಿಂದ ಕಚೇರಿಗೆ ಹರಿದುಬಂದ ಒಂದು ಗಟ್ಟಿ ನಂಬಿಕೆ. ಲಿನಕ್ಸ್ ಪುಕ್ಕಟೆ, ಲಿನಕ್ಸ್ ಎಲ್ಲದರ ಮೇಲೂ ಓಡುತ್ತದೆ, ಪರದೆ ಯಾವುದಾದರೇನು, ಯುಎಸ್‌ಬಿ ಚುಚ್ಚಿದರೆ ಮುಗಿಯಿತು. ಈ ನಂಬಿಕೆ ಎಲ್ಲರಿಗೂ ಹಿತವಾಗಿದೆ. ಅಧಿಕಾರಿಗೆ ಹಿತ, ಅತಿ ಕಡಿಮೆ ದರ ಹಾಕಿದ ಎಲ್-1 ಗುತ್ತಿಗೆದಾರನಿಗೆ ಕಣ್ಣುಮುಚ್ಚಿ ಆದೇಶ ಕೊಡಬಹುದು. ಸರಬರಾಜುದಾರನಿಗೆ ಹಿತ, ಗೋದಾಮಿನಲ್ಲಿ ಉಳಿದದ್ದು ಸಾಗಿಹೋಗುತ್ತದೆ. ಮುಕ್ತ ತಂತ್ರಾಂಶದ ಉತ್ಸಾಹಿಗಳಿಗೂ ಹಿತ, ತಮ್ಮ ವ್ಯವಸ್ಥೆಗೆ ಆಗದ ಕೆಲಸವೇ ಇಲ್ಲವೆಂದು ಎದೆ ತಟ್ಟಿಕೊಳ್ಳಬಹುದು. ಅಹಿತವಾಗುವುದು ಪೆಟ್ಟಿಗೆಯ ಮುಂದೆ ನಿಂತವರಿಗೆ ಮಾತ್ರ. ಕೆಲವೇ ತಿಂಗಳಲ್ಲಿ ಗಾಜಿನ ಮೇಲೆ ‘ಯಂತ್ರ ಕೆಟ್ಟಿದೆ’ ಎಂಬ ಚೀಟಿ ಅಂಟುತ್ತದೆ, ಸಾಲು ಮತ್ತೆ ಗುಮಾಸ್ತರ ಕಿಟಕಿಗೆ ತಿರುಗುತ್ತದೆ, ಟಿಪ್ಪಣಿ ಹಾಳೆಯಲ್ಲಿ ‘ಲಿನಕ್ಸ್ ಹೊಂದಿಕೆಯಾಗಲಿಲ್ಲ’ ಎಂದು ಷರಾ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಟಚ್‌ಸ್ಕ್ರೀನ್ ಎಂಬುದು ಒಂದೇ ತಂತ್ರ ಎಂಬ ಭ್ರಮೆಯಿಂದ ಈ ಕೆಡುಕು ಶುರುವಾಗುತ್ತದೆ. ಬ್ರಿಟನ್ನಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟಿನ ಇ. ಎ. ಜಾನ್ಸನ್ 1965ರಲ್ಲಿ ವಿವರಿಸಿದ್ದು ಬೆರಳಿನ ವಿದ್ಯುತ್ ಗುಣವನ್ನು ಹಿಡಿಯುವ ಕೆಪ್ಯಾಸಿಟಿವ್ ಬಗೆ. ಅವರ ಮನಸ್ಸಿನಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಣ. ಅಮೆರಿಕದ ಸ್ಯಾಮ್ಯುಯೆಲ್ ಹರ್ಸ್ಟ್ 1970ರ ದಶಕದಲ್ಲಿ ಬೆಳೆಸಿದ್ದು ಒತ್ತಡದಿಂದ ನಡೆಯುವ ರೆಸಿಸ್ಟಿವ್ ಬಗೆ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ-4 ಬೋಧನಾ ಯಂತ್ರದಲ್ಲಿ 1972ರ ಹೊತ್ತಿಗೆ ಇದ್ದದ್ದು ಇನ್‌ಫ್ರಾರೆಡ್: ಪರದೆಯ ಅಂಚಿನಿಂದ ಅಂಚಿಗೆ ಕಾಣದ ಕಿರಣಗಳ 16×16 ಬಲೆ, ಬೆರಳು ಅಡ್ಡ ಬಂದಲ್ಲಿ ಸ್ಪರ್ಶ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1983ರಲ್ಲಿ ತಂದ ಎಚ್‌ಪಿ-150 ಕಂಪ್ಯೂಟರ್ ಕೂಡ ಇದೇ ಬಗೆಯದು. ಅದರ ಚೌಕಟ್ಟಿನ ಸಣ್ಣ ರಂಧ್ರಗಳಲ್ಲಿ ದೂಳು ತುಂಬಿ ಸ್ಪರ್ಶ ಕೈಕೊಡುತ್ತಿತ್ತು. ಆಗಾಗ ದೂಳು ಹೀರಿ ತೆಗೆಯಬೇಕಾಗುತ್ತಿತ್ತು. ಹವಾನಿಯಂತ್ರಿತ ಕಚೇರಿಯ ಮೇಜಿನ ಮೇಲೆ ಆದ ಗತಿ ಇದು. ನಾಲ್ಕು ದಶಕ ಕಳೆದ ಮೇಲೂ ಬಸ್ ನಿಲ್ದಾಣದ ಕಂಬದ ಪಕ್ಕ ಇಡುವ ಪೆಟ್ಟಿಗೆಗೆ, ದೊಡ್ಡ ಅಳತೆ ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಇನ್‌ಫ್ರಾರೆಡ್ ಚೌಕಟ್ಟನ್ನು ಆರಿಸುವವರಿಗೆ ಏನು ಹೇಳುವುದು? ಅಲ್ಲಿ ದೂಳಿನ ಜೊತೆ ಸಂಜೆಯ ಓರೆಬಿಸಿಲೂ ಇದೆ, ನೊಣವೂ ಇದೆ. ಗಾಜಿನ ಮೇಲೆ ಕೂತ ನೊಣವೂ ಆ ಬಲೆಯ ಲೆಕ್ಕದಲ್ಲಿ ಒಬ್ಬ ಗ್ರಾಹಕನೇ.

ರೆಸಿಸ್ಟಿವ್ ಪರದೆಯ ವಿಚಾರದಲ್ಲಿ ನಡೆಯುವ ಮೋಸ ಇನ್ನೂ ನಯವಾದದ್ದು. ಇದರಲ್ಲಿ ಮೇಲೊಂದು ಬಾಗುವ ಪದರ, ಕೆಳಗೊಂದು ಗಾಜು, ಎರಡಕ್ಕೂ ವಿದ್ಯುತ್ ಹರಿಯುವ ತೆಳು ಲೇಪ. ಒತ್ತಿದಾಗ ಎರಡೂ ತಗಲುತ್ತವೆ. ನಾಲ್ಕು ತಂತಿಯ ಬಗೆಯಲ್ಲಿ ಸ್ಥಳ ಅಳೆಯಲು ಎರಡೂ ಪದರಗಳ ಲೇಪ ಬೇಕು. ಬಾಗುವ ಪದರದ ಲೇಪ ಒತ್ತಿ ಒತ್ತಿ ಬಿರುಕು ಬಿಟ್ಟಂತೆಲ್ಲ ಅಳತೆ ತಪ್ಪುತ್ತದೆ. ಐದು ತಂತಿಯ ಬಗೆಯಲ್ಲಿ ಅಳತೆ ನಡೆಯುವುದು ಗಾಜಿನ ಮೇಲಿನ ಲೇಪದಲ್ಲಿ. ಮೇಲಿನ ಪದರ ಬರೀ ತಗಲುವ ಕೆಲಸ ಮಾಡುತ್ತದೆ, ಅದು ಸವೆದರೂ ಸ್ಥಳ ಕದಲುವುದಿಲ್ಲ. ತಯಾರಕರ ಲೆಕ್ಕದಲ್ಲೇ, ಒತ್ತುಗಳ ಎಣಿಕೆಯಲ್ಲಿ, ಮೊದಲನೆಯದರ ಆಯಸ್ಸು ಲಕ್ಷಗಳಲ್ಲಿ, ಎರಡನೆಯದರದು ಕೋಟಿಗಳಲ್ಲಿ. ಮನೆಯ ಸಾಧನದಲ್ಲಿ ಬೆರಳು ಪರದೆಯ ತುಂಬ ಓಡಾಡುತ್ತದೆ. ಕಿಯೋಸ್ಕಿನಲ್ಲಿ ದಿನವಿಡೀ ಎಲ್ಲರೂ ಒತ್ತುವುದು ಒಂದೇ ಜಾಗದಲ್ಲಿರುವ ‘ಮುಂದೆ’ ಗುಂಡಿಯನ್ನು. ಮೊದಲು ಸಾಯುವುದು ಆ ಜಾಗ. ಟೆಂಡರಿನಲ್ಲಿ ‘ರೆಸಿಸ್ಟಿವ್’ ಎಂದಷ್ಟೇ ಬರೆದರೆ ಬರುವುದು ನಾಲ್ಕು ತಂತಿಯದೇ. ಸರಬರಾಜುದಾರ ಸುಳ್ಳು ಹೇಳಿದಂತೆಯೂ ಆಗಲಿಲ್ಲ.

ಈಗ ಎಲ್ಲರೂ ಕೇಳುವುದು ಫೋನಿನಲ್ಲಿರುವಂಥದ್ದನ್ನು, ಅಂದರೆ ಪ್ರೊಜೆಕ್ಟೆಡ್ ಕೆಪ್ಯಾಸಿಟಿವ್. ಬಹುತೇಕ ಕಡೆ ಇದು ಸರಿಯಾದ ಆಯ್ಕೆಯೇ: ಗಾಜು ಗಟ್ಟಿ, ಸವೆತ ಇಲ್ಲ, ಬೆಳಕು ಚೆನ್ನಾಗಿ ಹಾಯುತ್ತದೆ. ಆದರೆ ಫೋನಿಗೆ ಬ್ಯಾಟರಿ ಇದೆ, ಕಿಯೋಸ್ಕು ಗೋಡೆಯ ಸಾಕೆಟ್ಟಿಗೆ ಅಂಟಿಕೊಂಡಿದೆ ಎಂಬ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಕೆಪ್ಯಾಸಿಟಿವ್ ಕಂಟ್ರೋಲರ್ ಅಳೆಯುವುದು ಅತಿ ಸಣ್ಣ ವಿದ್ಯುತ್ ವ್ಯತ್ಯಾಸವನ್ನು. ಅರ್ಥಿಂಗ್ ಇಲ್ಲದ ಸಾಕೆಟ್ಟು, ಅಗ್ಗದ ಅಡಾಪ್ಟರು, ಇವೆರಡೂ ಸೇರಿದರೆ ವಿದ್ಯುತ್ತಿನ ಗದ್ದಲ ಇಡೀ ಪರದೆಗೆ ಹರಡಿ, ಯಾರೂ ಮುಟ್ಟದಿದ್ದರೂ ಸ್ಪರ್ಶಗಳು ಹುಟ್ಟುತ್ತವೆ. ಪುಟಗಳು ತಾವಾಗಿ ತೆರೆಯುತ್ತವೆ, ಗುಂಡಿಗಳು ತಾವಾಗಿ ಒತ್ತಿಕೊಳ್ಳುತ್ತವೆ. ಭೂತಚೇಷ್ಟೆ ಎಂದು ನಗುವವರು ನಗಲಿ. ಹಣ ಕಟ್ಟುವ ಪುಟದಲ್ಲಿ ಇದು ನಡೆದರೆ ನಗುವವರು ಯಾರು? ಇದಕ್ಕೊಂದು ಅಂತರರಾಷ್ಟ್ರೀಯ ಪರೀಕ್ಷೆಯೇ ಇದೆ. ತಂತಿಯ ಮೂಲಕ ಬರುವ ಗದ್ದಲವನ್ನು ಸಾಧನ ಎಷ್ಟು ತಡೆಯುತ್ತದೆಂದು ನೋಡುವ ಐಇಸಿ 61000-4-6. ಆ ಸಂಖ್ಯೆಯನ್ನು ಬರೆದ ಟೆಂಡರುಗಳೆಷ್ಟು? ಸಾಕೆಟ್ಟಿನ ಮೂರನೇ ಪಿನ್ನಿಗೆ ತಂತಿ ಸೇರಿದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿದ ಕಚೇರಿಗಳೆಷ್ಟು? ತಂತ್ರಾಂಶ ಬರೆದವರಿಗೆ ಮಾತ್ರ ತಕ್ಷಣ ಫೋನು ಹೋಗುತ್ತದೆ.

ನೀರಿನ ಹನಿಯೂ ಕೆಪ್ಯಾಸಿಟಿವ್ ಪರದೆಗೆ ಬೆರಳಿನಂತೆಯೇ ಕಾಣಬಲ್ಲದು. ಒಳ್ಳೆಯ ಕಂಟ್ರೋಲರ್ ಹನಿಯನ್ನೂ ಬೆರಳನ್ನೂ ಬೇರ್ಪಡಿಸುತ್ತದೆ, ಅಗ್ಗದ್ದು ಗೊಂದಲಕ್ಕೆ ಬೀಳುತ್ತದೆ. ಬೆರಳು ತೀರಾ ಒಣಗಿದ್ದರೆ ಉಲ್ಟಾ ತೊಂದರೆ: ಕೆಲಸ ಮಾಡಿ ಜಡ್ಡುಗಟ್ಟಿದ ಬೆರಳಿನ ತುದಿಯನ್ನು ಸೂಕ್ಷ್ಮತೆ ಕಡಿಮೆಯಿರುವ ಪರದೆ ಗುರುತಿಸುವುದೇ ಇಲ್ಲ. ಕರ್ನಾಟಕದಲ್ಲಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯ ಕಾಲದಲ್ಲೇ ಕೆಲವು ತಾಲ್ಲೂಕು ಕಚೇರಿಗಳಲ್ಲಿ ರೈತರು ತಮ್ಮ ದಾಖಲೆ ತಾವೇ ನೋಡಿಕೊಳ್ಳಲೆಂದು ಟಚ್‌ಸ್ಕ್ರೀನ್ ಇಡಲಾಗಿತ್ತು. ಅಂಥ ಪರದೆಯ ಮುಂದೆ ಬರುವ ಬೆರಳು ಗುದ್ದಲಿ ಹಿಡಿದದ್ದು, ಮಳೆಗಾಲದಲ್ಲಿ ಒದ್ದೆಯದ್ದು. ಪರದೆಯನ್ನು ಒಪ್ಪಿಕೊಳ್ಳುವ ಮುನ್ನ ಪರೀಕ್ಷಿಸುವ ಬೆರಳು ಮಾತ್ರ ಹವಾನಿಯಂತ್ರಿತ ಕೋಣೆಯ ಬೆರಳು.

ಗಾಜಿನ ಮಾತು ಇಷ್ಟು ಸಾಕು. ನಿಜವಾದ ಅಪರಾಧ ನಡೆಯುವುದು ಕಂಟ್ರೋಲರ್ ಮತ್ತು ಆಪರೇಟಿಂಗ್ ಸಿಸ್ಟಂ ನಡುವೆ. ಈ ಇಬ್ಬರು ಮಾತಾಡಿಕೊಳ್ಳಲು ಒಂದು ಭಾಷೆ ಬೇಕು. ಮೊದಲು ತಯಾರಕರಿಗೆ ತಲೆಗೊಂದು ಭಾಷೆ ಇತ್ತು. ಸೀರಿಯಲ್ ಪೋರ್ಟಿನ ಕಾಲದ ಆ ಉಪಭಾಷೆಗಳಿಗೆಲ್ಲ ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿ ಬೇರೆ ಬೇರೆ ಡ್ರೈವರುಗಳು ಇಂದಿಗೂ ಉಳಿದಿವೆ. ಯುಎಸ್‌ಬಿ ಬಂದ ಮೇಲೆ ಕೀಬೋರ್ಡು, ಮೌಸುಗಳಿಗೆ ಎಚ್‌ಐಡಿ ಎಂಬ ಸಾಮಾನ್ಯ ಮಾನಕ ಬಂತು. ಸಾಧನವೇ ತಾನು ಏನು, ಏನೇನು ಕಳಿಸುತ್ತೇನೆ ಎಂದು ಪರಿಚಯ ಹೇಳಿಕೊಳ್ಳುವ ಪದ್ಧತಿ ಅದು. ಸ್ಪರ್ಶಪರದೆಗಳೂ ಅದೇ ಮಾನಕದಲ್ಲಿ ಮಾತಾಡಬಹುದು. 2011ರ ಮಾರ್ಚಿನಲ್ಲಿ ಬಂದ ಲಿನಕ್ಸ್ 2.6.38 ಆವೃತ್ತಿಯಲ್ಲಿ ‘ಎಚ್‌ಐಡಿ-ಮಲ್ಟಿಟಚ್’ ಎಂಬ ಸಾಮಾನ್ಯ ಡ್ರೈವರ್ ಸೇರಿತು. ಅದನ್ನು ಬರೆದದ್ದು ಫ್ರಾನ್ಸಿನ ನಾಗರಿಕ ವಿಮಾನಯಾನ ಶಾಲೆಯಲ್ಲಿದ್ದ ಬೆಂಜಮಿನ್ ತಿಸ್ವಾರ್ ಮತ್ತು ಸ್ಟೆಫಾನ್ ಶಾತಿ. ಜಾನ್ಸನ್ನರ ವಿಮಾನ ನಿಯಂತ್ರಣದಿಂದ ಹೊರಟ ಟಚ್‌ಸ್ಕ್ರೀನ್ ಲಿನಕ್ಸಿನೊಳಗೆ ಸಲೀಸಾಗಿ ಬಂದದ್ದೂ ವಿಮಾನಯಾನದವರ ಕೈಯಿಂದಲೇ. ಮರುವರ್ಷ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ತನ್ನ ಪ್ರಮಾಣಪತ್ರ ಬೇಕೆನ್ನುವ ಸ್ಪರ್ಶಸಾಧನಗಳು ಎಚ್‌ಐಡಿ ಮಾನಕವನ್ನೇ ಪಾಲಿಸಬೇಕೆಂದು ಪಟ್ಟು ಹಿಡಿಯಿತು. ತಯಾರಕರು ಬಗ್ಗಿದರು, ಲಾಭ ಲಿನಕ್ಸಿಗೂ ಬಂತು. ಮುಕ್ತ ತಂತ್ರಾಂಶದವರು ಸಾಮಾನ್ಯವಾಗಿ ಈ ಉಪಕಾರವನ್ನು ನೆನೆಯುವುದಿಲ್ಲ.

ಅಂದರೆ 2011ರಿಂದಲೇ ದಾರಿ ಸ್ಪಷ್ಟವಾಗಿದೆ. ಮಾನಕ ಪಾಲಿಸುವ ಪರದೆಯನ್ನು ಯಾವ ಡ್ರೈವರನ್ನೂ ಹಾಕದೆ ಚುಚ್ಚಿದರೆ ಸಾಕು. ‘ಲಿನಕ್ಸ್ ಎಲ್ಲದರ ಮೇಲೂ ಓಡುತ್ತದೆ’ ಎಂಬ ಮಾತು ನಿಜವಾಗುವುದು ಈ ಬಗೆಯ ಪರದೆಗಳಿಗೆ ಮಾತ್ರ. ಆದರೆ ಮಾರುಕಟ್ಟೆಯಲ್ಲಿ ಇನ್ನೊಂದು ಬಗೆ ಇದೆ: ತನ್ನದೇ ಗುಟ್ಟಿನ ಭಾಷೆಯಾಡುವ ಕಂಟ್ರೋಲರ್, ಜೊತೆಗೊಂದು ಮೂಲಸಂಕೇತವಿಲ್ಲದ ಡ್ರೈವರ್. ಅದರ ಡೇಟಾಶೀಟಿನಲ್ಲೂ ‘ಲಿನಕ್ಸ್ ಬೆಂಬಲವಿದೆ’ ಎಂದೇ ಬರೆದಿರುತ್ತದೆ. ಯಾವ ಲಿನಕ್ಸ್? ಯಾವ ಆವೃತ್ತಿ? ಯಾವ ವರ್ಷದ್ದು? ಕೇಳಿದರೆ ಮಾರಾಟ ಪ್ರತಿನಿಧಿ ಒಂದು ಜಿಪ್ ಕಡತ ಕಳಿಸುತ್ತಾನೆ. ಅದರೊಳಗೆ ಎಂದೋ ನಿಂತುಹೋದ ಆವೃತ್ತಿಗೆ ಕಟ್ಟಿದ ಒಂದು ಮಾಡ್ಯೂಲು, ಇಂಗ್ಲಿಷೂ ಅಲ್ಲದ ಚೀನಿಯೂ ಅಲ್ಲದ ಎರಡು ಪುಟದ ಸೂಚನೆ.

ಕರ್ನೆಲ್ಲಿನ ಒಳಗಿನ ಇಂಟರ್‌ಫೇಸುಗಳನ್ನು ಸ್ಥಿರವಾಗಿಡುವುದಿಲ್ಲ ಎಂಬುದು ಲಿನಕ್ಸ್ ಅಭಿವೃದ್ಧಿಕಾರರ ಘೋಷಿತ ನೀತಿ. ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಅದರ ವಿವರಣೆ ಕರ್ನೆಲ್ಲಿನ ದಸ್ತಾವೇಜಿನಲ್ಲೇ ಇದೆ. ಕರ್ನೆಲ್ಲಿನೊಳಗೆ ಸೇರಿದ ಡ್ರೈವರುಗಳನ್ನು ಅವರೇ ತಿದ್ದಿಕೊಂಡು ಹೋಗುತ್ತಾರೆ, ಹೊರಗೆ ಉಳಿದದ್ದು ಒಡೆಯುತ್ತದೆ. ಲಿನಕ್ಸಿನ ಒಂದು ವಿತರಣೆಯಾದ ಡೆಬಿಯನ್‌ನ ಹೊಸ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಐದಾರು ವರ್ಷ ಬಾಳಬೇಕಾದ ಕಿಯೋಸ್ಕು ಕರ್ನೆಲ್ ಬದಲಾವಣೆಯನ್ನು ದಾಟಲೇಬೇಕು. ಗುಟ್ಟಿನ ಡ್ರೈವರ್ ಇದ್ದರೆ ದಾಟುವಂತಿಲ್ಲ. ಆಗ ಆಡಳಿತಗಾರರು ಮಾಡುವುದು ಒಂದೇ ಕೆಲಸ, ಅಪ್‌ಡೇಟ್ ನಿಲ್ಲಿಸುವುದು. 2016ರ ಅಕ್ಟೋಬರಿನಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ದೋಷ 2007ರಿಂದ ಕರ್ನೆಲ್ಲಿನಲ್ಲಿ ಅಡಗಿತ್ತು. ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗಲು ಅದು ದಾರಿ ಮಾಡಿಕೊಡುತ್ತಿತ್ತು. ತಿದ್ದುಪಡಿ ಕೂಡಲೇ ಬಂತು, ಪುಕ್ಕಟೆಯಾಗಿ ಬಂತು. ಪರದೆ ಮುಟ್ಟಿಸಿಕೊಳ್ಳುವುದನ್ನು ನಿಲ್ಲಿಸೀತು ಎಂಬ ಹೆದರಿಕೆಯಲ್ಲಿ ಹಳೆಯ ಕರ್ನೆಲ್ಲಿಗೆ ಜೋತುಬಿದ್ದ ಯಂತ್ರಕ್ಕೆ ಆ ತಿದ್ದುಪಡಿಯಿಂದ ಏನು ಪ್ರಯೋಜನ? ಪರದೆಯಲ್ಲಿ ಉಳಿಸಿದ ಹಣಕ್ಕೆ ಸಾರ್ವಜನಿಕರ ಮಾಹಿತಿಯನ್ನು ಒತ್ತೆಯಿಟ್ಟಂತಾಯಿತು.

ಒಡೆಯುವುದು ಕರ್ನೆಲ್ಲಿನಲ್ಲಿ ಮಾತ್ರವಲ್ಲ. ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸುವ ಹಳೆಯ ಎಕ್ಸ್ ವ್ಯವಸ್ಥೆ ಹಿಂದೆ ಸರಿದು ವೇಲ್ಯಾಂಡ್ ಬರುತ್ತಿದೆ. ಡೆಬಿಯನ್‌ನ ಗ್ನೋಮ್ ಡೆಸ್ಕ್‌ಟಾಪು 2019ರಲ್ಲಿ, ರಾಸ್‌ಬೆರಿ ಪೈ ಆಪರೇಟಿಂಗ್ ಸಿಸ್ಟಂ 2023ರಲ್ಲಿ ಅದಕ್ಕೆ ಹೊರಳಿದವು. ಕೇಜ್ ಎಂಬ, ಒಂದೇ ಕಾರ್ಯಕ್ರಮವನ್ನು ಪರದೆ ತುಂಬ ಓಡಿಸಲೆಂದೇ ಬರೆದ ಕಿಯೋಸ್ಕು ತಂತ್ರಾಂಶ ವೇಲ್ಯಾಂಡಿನದೇ. ಮಾನಕದ ಪರದೆಗೆ ಈ ಸ್ಥಳಾಂತರದಿಂದ ಏನೂ ಆಗುವುದಿಲ್ಲ. ಎಕ್ಸ್‌ಗೆಂದೇ ಬರೆದ ತಯಾರಕರ ಸಹಾಯಕ ತಂತ್ರಾಂಶವನ್ನು ನೆಚ್ಚಿಕೊಂಡ ಪರದೆ ಅಂದೇ ಕಲ್ಲಾಗುತ್ತದೆ.

ನಿಲುವು ಬದಲಿಸುವಾಗಿನ ಪರದಾಟ ಎಲ್ಲಕ್ಕಿಂತ ಪರಿಚಿತ. ಕಿಯೋಸ್ಕುಗಳಲ್ಲಿ ಪರದೆಯನ್ನು ಸಾಮಾನ್ಯವಾಗಿ ಉದ್ದುದ್ದ ನಿಲ್ಲಿಸುತ್ತಾರೆ. ಚಿತ್ರವನ್ನು 90 ಡಿಗ್ರಿ ತಿರುಗಿಸಿದಾಗ ಚಿತ್ರ ತಿರುಗುತ್ತದೆ, ಸ್ಪರ್ಶ ತಿರುಗುವುದಿಲ್ಲ. ಮೇಲೆ ಮುಟ್ಟಿದರೆ ಪಕ್ಕದಲ್ಲಿ ಒತ್ತಿದಂತಾಗುತ್ತದೆ. ಎರಡನೇ ಪರದೆ ಸೇರಿಸಿದರೆ ಒಂದರಲ್ಲಿ ಮುಟ್ಟಿದ್ದು ಎರಡಕ್ಕೂ ಹರಡಿ ಎಳೆದಾಡುತ್ತದೆ. ಮಾನಕದ ಸಾಧನವಾದರೆ ಲಿಬ್‌ಇನ್‌ಪುಟ್ ಎಂಬ ಪದರದಲ್ಲಿ ಒಂದು ಸಾಲು ಬರೆದು ಸರಿಪಡಿಸಬಹುದು. ಗುಟ್ಟಿನ ಸಾಧನದಲ್ಲಿ ಹೊಂದಿಕೆ ಮಾಡುವ ಉಪಕರಣ ತಯಾರಕರದ್ದು, ಅದು ಬಹುಪಾಲು ಓಡುವುದು ವಿಂಡೋಸಿನಲ್ಲಿ ಮಾತ್ರ. ಗಾಜಿನ ದಪ್ಪ 3 ಮಿ.ಮೀ.ನಿಂದ 6 ಮಿ.ಮೀ.ಗೆ ಹೋದರೆ ಕಂಟ್ರೋಲರಿನ ಸೂಕ್ಷ್ಮತೆ ಬದಲಿಸಬೇಕು. ಅದಕ್ಕೂ ವಿಂಡೋಸ್ ಲ್ಯಾಪ್‌ಟಾಪ್ ಹೊತ್ತ ಒಬ್ಬ ಹುಡುಗ ಬೆಂಗಳೂರಿನಿಂದ ಬೀದರಿಗೆ ಬಸ್ಸು ಹತ್ತಬೇಕು. ಲಿನಕ್ಸ್ ಕಿಯೋಸ್ಕು ಎಂದರೆ ಇದೇ ಏನು? ಹೊಂದಿಕೆ ತಪ್ಪುವುದು ಸಣ್ಣ ಮಾತಲ್ಲ. 2000ದ ದಶಕದಲ್ಲಿ ಅಮೆರಿಕದ ಚುನಾವಣೆಗಳಲ್ಲಿ ಟಚ್‌ಸ್ಕ್ರೀನ್ ಮತಯಂತ್ರಗಳ ಮೇಲೆ ಬಂದ ದೂರುಗಳಲ್ಲಿ ದೊಡ್ಡದು, ಒಬ್ಬರ ಹೆಸರು ಮುಟ್ಟಿದರೆ ಇನ್ನೊಬ್ಬರ ಹೆಸರು ಬೆಳಗುತ್ತದೆ ಎಂಬುದು; ಅಧಿಕಾರಿಗಳು ಕೊಟ್ಟ ಸಮಜಾಯಿಷಿ, ಕ್ಯಾಲಿಬ್ರೇಷನ್ ತಪ್ಪಿದೆ ಎಂಬುದು. ಅದೇ ಕಾಲದಲ್ಲಿ, 2008ರಿಂದ, ಬ್ರೆಜಿಲಿನ ಮತಯಂತ್ರ ಲಿನಕ್ಸಿನಲ್ಲಿ ಓಡುತ್ತಿದೆ. ಅದರಲ್ಲಿ ಮತದಾರ ಒತ್ತುವುದು ಬ್ರೈಲ್ ಗುರುತಿರುವ ಅಂಕಿಗಳ ಗುಂಡಿಗಳನ್ನು. ಎಲ್ಲೆಡೆ ಸ್ಪರ್ಶವೇ ಬೇಕೆಂದು ಹೇಳಿದವರು ಯಾರು? ಯುಎಸ್‌ಎಸ್ ಜಾನ್ ಎಸ್. ಮೆಕೇನ್ ನೌಕೆಯ 2017ರ ಅಪಘಾತದ ತನಿಖೆಯ ನಂತರ ಅಮೆರಿಕದ ನೌಕಾಪಡೆಯೇ ವೇಗ ನಿಯಂತ್ರಣವನ್ನು ಟಚ್‌ಸ್ಕ್ರೀನಿನಿಂದ ಕೈಹಿಡಿಗೆ ಮರಳಿಸಲು ನಿರ್ಧರಿಸಿತು. ಟೋಕನ್ ಚೀಟಿ ಕೊಡುವ ಪೆಟ್ಟಿಗೆಗೆ ಮೂರು ದಪ್ಪ ಗುಂಡಿ ಸಾಕಾಗುವಲ್ಲಿ 21 ಇಂಚಿನ ಗಾಜು ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದಂತೆ.

ಪರದೆ, ಕಂಪ್ಯೂಟರು ಎರಡೂ ಒಂದರಲ್ಲೇ ಇರುವ ಅಗ್ಗದ ಟ್ಯಾಬ್ಲೆಟ್ಟನ್ನು ಗೋಡೆಗೆ ಬಿಗಿಯುವುದು ಈಚಿನ ಜಾಣತನ. ಟ್ಯಾಬ್ಲೆಟ್ಟಿನ ಲಿಥಿಯಂ ಬ್ಯಾಟರಿಯನ್ನು ಹಗಲೂ ರಾತ್ರಿ ಚಾರ್ಜಿನಲ್ಲೇ ಇಟ್ಟರೆ ಊದಿಕೊಳ್ಳುತ್ತದೆ, ಒಳಗಿನಿಂದಲೇ ಗಾಜನ್ನು ಎತ್ತುತ್ತದೆ. ಅದರ ಕರ್ನೆಲ್ ತಯಾರಕ ಮಾರಾಟದ ದಿನ ಬಿಟ್ಟುಹೋದದ್ದು. ಲಿನಕ್ಸ್ ಕರ್ನೆಲ್ಲಿನ ಪರವಾನಗಿಯಾದ ಜಿಪಿಎಲ್ ಎರಡನೇ ಆವೃತ್ತಿಯ ಪ್ರಕಾರ ಆ ಕರ್ನೆಲ್ಲಿನ ಮೂಲಸಂಕೇತ ಕೇಳಿದವರಿಗೆ ಸಿಗಲೇಬೇಕು. ಆದರೆ ಕೇಳುವ ಷರತ್ತೇ ಖರೀದಿ ಆದೇಶದಲ್ಲಿಲ್ಲದ ಮೇಲೆ ಕೊಡುವವರು ಯಾರು? ಪೆಟ್ಟಿಗೆಯೊಳಗೆ ಇಂಟೆಲ್ ಇದ್ದರೆ ಚಿಂತೆಯಿಲ್ಲ ಎಂಬುದೂ ಇನ್ನೊಂದು ಮೂಢನಂಬಿಕೆ. 2008ರಲ್ಲಿ ಆಟಂ ಚಿಪ್ಪುಗಳ ಜೊತೆ ಬಂದ ಜಿಎಂಎ 500 ಚಿತ್ರಘಟಕ ಇಂಟೆಲ್ಲಿನ ಸ್ವಂತದ್ದಲ್ಲ, ಪವರ್‌ವಿಆರ್ ವಂಶದ್ದು. ಮುಖ್ಯ ಕರ್ನೆಲ್ಲಿಗೆ 2011ರಲ್ಲಿ ಬಂದ ಡ್ರೈವರ್ ಚಿತ್ರ ಮೂಡಿಸಿತೇ ಹೊರತು ಮೂರು ಆಯಾಮದ ವೇಗವರ್ಧನೆ ಕೊಡಲಿಲ್ಲ. ಪೆಟ್ಟಿಗೆಯ ಮೇಲೆ ಅಂಟಿಸಿದ ಹೆಸರು ನೋಡಿ ಕೊಂಡವರಿಗೆ ಅದು ಗೊತ್ತಾದದ್ದು ಪುಟಗಳು ಆಮೆನಡಿಗೆಯಲ್ಲಿ ಸರಿಯತೊಡಗಿದಾಗ. ಎಆರ್‌ಎಂ ಬೋರ್ಡುಗಳ ಮಾಲಿ ಚಿತ್ರಘಟಕಗಳಿಗೆ ಲಿಮಾ, ಪ್ಯಾನ್‌ಫ್ರಾಸ್ಟ್ ಎಂಬ ಮುಕ್ತ ಡ್ರೈವರುಗಳು ಕರ್ನೆಲ್ಲಿಗೆ ಸೇರಿದ್ದು 2019ರಲ್ಲಿ, 5.2ನೇ ಆವೃತ್ತಿಯಲ್ಲಿ. ಇಂದು ಆರಿಸುವವರಿಗೆ ಹಾಗಾಗಿ ಆಯ್ಕೆ ಇದೆ. ಆಯ್ಕೆ ಇರುವುದು ಗೊತ್ತಿರಬೇಕಷ್ಟೆ.

ಇಲ್ಲಿ ಮುಕ್ತ ತಂತ್ರಾಂಶದವರನ್ನೂ ಬಿಡುವಂತಿಲ್ಲ. ‘ಏನು ತಂದುಕೊಟ್ಟರೂ ಹೇಗಾದರೂ ಓಡಿಸುತ್ತೇವೆ’ ಎಂಬ ಅವರ ಗರ್ವ ಈ ರೋಗಕ್ಕೆ ಹಾಲೆರೆಯುತ್ತಿದೆ. ಯಾವುದೋ ಕಂಟ್ರೋಲರಿನ ಗುಟ್ಟಿನ ಭಾಷೆಯನ್ನು ರಾತ್ರಿಯಿಡೀ ಕೂತು ಬಿಡಿಸಿ, ನಲವತ್ತು ಸಾಲಿನ ಸ್ಕ್ರಿಪ್ಟು ಬರೆದು, ಬೆಳಗ್ಗೆ ಪರದೆ ಕುಣಿಯುವಂತೆ ಮಾಡುವ ಯುವಕ ನಿಸ್ಸಂಶಯವಾಗಿ ಜಾಣ. ಆದರೆ ಅವನು ಮಾಡಿದ್ದು ಏನು? ಕೆಟ್ಟ ಖರೀದಿಯೊಂದನ್ನು ಒಳ್ಳೆಯದೆಂದು ಸಾಬೀತುಪಡಿಸಿದ್ದು. ಮುಂದಿನ ವರ್ಷ ಅವನು ಬೇರೆ ಕೆಲಸಕ್ಕೆ ಹೋಗುತ್ತಾನೆ. ಸ್ಕ್ರಿಪ್ಟು ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅದೇ ಮಾದರಿ ಸಂಖ್ಯೆಯ ಎರಡನೇ ಕಂತು ಬಂದಾಗ ಒಳಗಿನ ಕಂಟ್ರೋಲರ್ ಬದಲಾಗಿರುತ್ತದೆ, ಅಗ್ಗದ ಪರದೆಗಳಲ್ಲಿ ಇದು ಮಾಮೂಲು. ಆಗ ನಲವತ್ತು ಸಾಲೂ ನೀರಿನಲ್ಲಿ ಮಾಡಿದ ಹೋಮ. ‘ಇದು ಆಗುವುದಿಲ್ಲ, ವಾಪಸ್ ಕಳಿಸಿ’ ಎನ್ನುವ ತಂತ್ರಜ್ಞನೇ ಮುಕ್ತ ತಂತ್ರಾಂಶಕ್ಕೆ ಹೆಚ್ಚು ಉಪಕಾರಿ.

‘ಇಷ್ಟೆಲ್ಲ ತಾಪತ್ರಯವೇಕೆ, ವಿಂಡೋಸ್ ಹಾಕೋಣ’ ಎಂಬ ತೀರ್ಪು ಇಲ್ಲಿ ಸಿದ್ಧವಾಗಿರುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಅದಾಗಿ ನಾಲ್ಕು ವರ್ಷಕ್ಕೆ, 2018ರ ಜೂನಿನಲ್ಲಿ, ಭಾರತೀಯ ರಿಸರ್ವ್ ಬ್ಯಾಂಕು ಎಲ್ಲ ಎಟಿಎಂಗಳ ಆಪರೇಟಿಂಗ್ ಸಿಸ್ಟಂಗಳನ್ನು ಬೆಂಬಲವಿರುವ ಆವೃತ್ತಿಗೆ ಏರಿಸಲು 2019ರ ಜೂನಿನವರೆಗೆ ಹಂತಹಂತದ ಗಡುವು ವಿಧಿಸಬೇಕಾಯಿತು. ವಿಂಡೋಸ್ 7 ಹೋದದ್ದು 2020ರ ಜನವರಿಯಲ್ಲಿ, ವಿಂಡೋಸ್ 10 ಹೋದದ್ದು 2025ರ ಅಕ್ಟೋಬರಿನಲ್ಲಿ. ಹೊಸದಕ್ಕೆ ಏರಲು ಹಳೆಯ ಯಂತ್ರ ಒಪ್ಪದಿದ್ದರೆ ಯಂತ್ರವೇ ಹೋಗಬೇಕು. ಗುಟ್ಟಿನ ಡ್ರೈವರಿನ ಪರದೆ ಅಲ್ಲಿಯೂ ಹೊಸ ಆವೃತ್ತಿಗೆ ಡ್ರೈವರಿಲ್ಲದೆ ಅನಾಥವಾಗುತ್ತದೆ. ರೋಗ ಆಪರೇಟಿಂಗ್ ಸಿಸ್ಟಂನದ್ದಲ್ಲವಾದ್ದರಿಂದ ಅದನ್ನು ಬದಲಿಸಿದರೆ ವಾಸಿಯಾಗುವುದೂ ಇಲ್ಲ.

ಕನ್ನಡದ ಕಿಯೋಸ್ಕಿಗೆ ಮೇಲಿನದೆಲ್ಲದರ ಜೊತೆ ಇನ್ನೊಂದು ಹೊರೆ. ಇಂಗ್ಲಿಷಿನಲ್ಲಿ ಹೆಸರು ಒತ್ತುವಾಗ ಅಕ್ಷರಕ್ಕೊಂದು ಒತ್ತು, ತಪ್ಪಿದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ‘ಕೃಷ್ಣಮೂರ್ತಿ’ ಎಂದು ಬರೆಯಲು ಶಿಫ್ಟ್ ಬಿಟ್ಟು ಹನ್ನೊಂದು ಒತ್ತು ಬೇಕು. ನಡುವೆ ಒಂದು ಹಲಂತ ಚಿಹ್ನೆ ಪಕ್ಕದ ಕೀಲಿಗೆ ಜಾರಿದರೆ ಒತ್ತಕ್ಷರವೇ ಒಡೆದುಹೋಗುತ್ತದೆ. ಕೀಲಿಮಣೆ ಕಲಿಯದವರಿಗೆ ತಪ್ಪಿದ್ದೆಲ್ಲಿ ಎಂದೂ ತಿಳಿಯದು. ಅಂದರೆ ಕನ್ನಡದಲ್ಲಿ ಬರೆಸುವ ಪರದೆಗೆ ಬೇಕಾದ ನಿಖರತೆ ಹೆಚ್ಚು, ಕೀಲಿಗಳಿಗೆ ಬೇಕಾದ ಜಾಗ ಹೆಚ್ಚು. ಬದಲಾಗಿ ಸಿಗುವುದು ಎಲ್ಲಕ್ಕಿಂತ ಚಿಕ್ಕ, ಎಲ್ಲಕ್ಕಿಂತ ಅಗ್ಗದ ಗಾಜು. ‘ಜನ ಕನ್ನಡ ಆಯ್ಕೆಯನ್ನು ಬಳಸುವುದೇ ಇಲ್ಲ’ ಎಂಬ ವರದಿ ಬರೆಯಲು ಇದಕ್ಕಿಂತ ಸುಲಭದ ದಾರಿ ಬೇರೆ ಇದೆಯೇ? ಎತ್ತರದ ಮಾತು ಇನ್ನೂ ಕೆಟ್ಟದು. ಅಮೆರಿಕದ ಎಡಿಎ ಮಾನದಂಡ ಕೈ ಚಾಚುವ ಮಿತಿಯನ್ನು ನೆಲದಿಂದ 48 ಇಂಚಿಗೆ ನಿಲ್ಲಿಸಿದೆ, ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕಲೆಂದು. ಭಾರತದಲ್ಲೂ ಅಂಗವಿಕಲರ ಹಕ್ಕುಗಳ ಕಾಯಿದೆ 2016ರಿಂದ ಇದೆ. ಉದ್ದುದ್ದ ನಿಲ್ಲಿಸಿದ ಪರದೆಯ ತುದಿಯಲ್ಲಿ ‘ಭಾಷೆ ಆರಿಸಿ’ ಗುಂಡಿ ಇಟ್ಟವರು ಅದನ್ನು ಓದಿದ್ದಾರೆಯೇ?

ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ, 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನೂ ಪ್ರಕಟಿಸಿತು. ಎರಡೂ ಒಳ್ಳೆಯ ನೀತಿಗಳೇ. ಆದರೆ ತಂತ್ರಾಂಶ ಮುಕ್ತವಾಗಿರಲಿ ಎಂದು ಬರೆದು, ಅದಕ್ಕೆ ಬೆರಳಿನ ಸುದ್ದಿ ಮುಟ್ಟಿಸುವ ಚಿಪ್ಪು ಗುಟ್ಟಿನದಾಗಿದ್ದರೂ ನಡೆದೀತು ಎಂದು ಬಿಟ್ಟರೆ, ಬಾಗಿಲು ತೆರೆದಿಟ್ಟು ಹೊಸಿಲಿಗೆ ಗೋಡೆ ಕಟ್ಟಿದಂತೆ. ಈ ಗೋಡೆ ಒಡೆಯಲು ಹೊಸ ಕಾನೂನು ಬೇಡ, ಟೆಂಡರಿನ ತಾಂತ್ರಿಕ ಷರತ್ತುಗಳ ಪುಟ ತಿದ್ದಿದರೆ ಸಾಕು. ‘ಲಿನಕ್ಸ್ ಬೆಂಬಲವಿದೆ’ ಎಂಬ ಸಾಲನ್ನು ಅಲ್ಲಿಂದ ಹೊಡೆದುಹಾಕಬೇಕು. ಅದರ ಜಾಗದಲ್ಲಿ, ಸ್ಪರ್ಶ ಕಂಟ್ರೋಲರ್ ಯುಎಸ್‌ಬಿ ಎಚ್‌ಐಡಿ ಮಾನಕದಲ್ಲಿ ಮಾತಾಡಬೇಕು, ಮುಖ್ಯ ಕರ್ನೆಲ್ಲಿನ ಡ್ರೈವರಿನಿಂದಲೇ ನಡೆಯಬೇಕು, ತಯಾರಕರ ಯಾವ ತಂತ್ರಾಂಶವನ್ನೂ ಸೇರಿಸಕೂಡದು ಎಂದು ಬರೆಯಬೇಕು. ಕಂಟ್ರೋಲರಿನ ತಯಾರಕ, ಮಾದರಿ, ಯುಎಸ್‌ಬಿ ಗುರುತು ಸಂಖ್ಯೆ ಬಿಡ್ಡಿನಲ್ಲೇ ನಮೂದಾಗಬೇಕು. ತಿಳಿಸದೆ ಬದಲಿಸಿದ ಕಂತು ಸರಬರಾಜುದಾರನ ಖರ್ಚಿನಲ್ಲಿ ವಾಪಸ್ ಹೋಗಬೇಕು. ಸೂಕ್ಷ್ಮತೆ ಹೊಂದಿಸುವ ಉಪಕರಣ ಲಿನಕ್ಸಿನಲ್ಲಿ ಓಡದಿದ್ದರೆ ಬಿಡ್ಡು ಅಲ್ಲಿಗೇ ಅನರ್ಹ. ಪರದೆಯೂ ಕಂಪ್ಯೂಟರೂ ಬೇರೆಬೇರೆಯಾಗಿರಬೇಕು, ಪರದೆ 100×100 ಮಿ.ಮೀ. ವೆಸಾ ರಂಧ್ರಗಳಲ್ಲಿ ಕೂರಬೇಕು, ಒಂದು ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಇನ್ನೊಂದು ಹಾಕುವಂತಿರಬೇಕು. ನಡುವಿನ ಯುಎಸ್‌ಬಿ ತಂತಿ 5 ಮೀಟರ್ ದಾಟಬಾರದು. ಎಲ್-1 ದರ ತೆರೆಯುವುದು ಇದೆಲ್ಲ ದಾಟಿ ಬಂದವರ ನಡುವೆ ಮಾತ್ರ.

ಕಾಗದ ನಂಬುವ ಅಭ್ಯಾಸವೂ ಹೋಗಬೇಕು. ಮಾದರಿ ಪರದೆಯೊಂದನ್ನು ತರಿಸಿ, ಈಗಷ್ಟೇ ಇಳಿಸಿಕೊಂಡ ಶುದ್ಧ ಡೆಬಿಯನ್ ಯಂತ್ರಕ್ಕೆ ಎಲ್ಲರೆದುರು ಚುಚ್ಚಬೇಕು. ಇವಿಟೆಸ್ಟ್ ಎಂಬ ಪುಟ್ಟ ಉಪಕರಣದಲ್ಲಿ ಪ್ರತಿ ಬೆರಳೂ ಪ್ರತಿ ಮೂಲೆಯಲ್ಲೂ ಸರಿಯಾದ ಅಂಕಿ ತೋರಿಸಬೇಕು. ಚಿತ್ರ ತಿರುಗಿಸಿ ನೋಡಬೇಕು, ತಂತಿ ಎಳೆದು ಮತ್ತೆ ಚುಚ್ಚಿ ನೋಡಬೇಕು, ಯಂತ್ರ ನಿದ್ದೆಯಿಂದ ಎದ್ದಾಗ ಮೊದಲ ಸ್ಪರ್ಶ ಕಳೆದುಹೋಗುವುದೇ ಎಂದು ನೋಡಬೇಕು, ನೀರು ಚಿಮುಕಿಸಿ ನೋಡಬೇಕು. ಇಷ್ಟಕ್ಕೂ ಒಂದು ಮಧ್ಯಾಹ್ನ ಸಾಕು. ಆಮೇಲೆ ಅದನ್ನು ತಾಲ್ಲೂಕು ಕಚೇರಿಯ ಹೊರಗಿನ ಜಗಲಿಯಲ್ಲಿ, ಅಲ್ಲಿಯದೇ ಸಾಕೆಟ್ಟಿಗೆ ಹಾಕಿ, ಮಳೆಗಾಲದ ಒಂದು ತಿಂಗಳು ಬಿಡಬೇಕು. ಮುಟ್ಟುವವರು ಅಲ್ಲಿಗೆ ಬರುವ ಜನರೇ ಆಗಿರಬೇಕು. ಆ ತಿಂಗಳು ಮುಗಿಯುವ ಮುನ್ನ ಸರಬರಾಜುದಾರನ ಬಿಲ್ಲಿನ ಮೇಲೆ ಯಾರ ಸಹಿಯೂ ಬೀಳಕೂಡದು.